ಹೆಸರು ನೋಡಿ ಕೊಟ್ಟ ಹೆಣ್ಣು

ಊರಿನ ಹೆಸರು ನೋಡಿ ಹೆಣ್ಣು ಕೊಟ್ಟವರು ಈ ಸೀಮೆಯಲ್ಲಿ ನಮ್ಮ ಅಪ್ಪ ಒಬ್ಬರೇ ಇರಬೇಕು. ಗದಗ ಕಡೆಯ ಹಳ್ಳಿಯಲ್ಲಿ ಕನ್ನಡ ಮಾಸ್ತರರಾಗಿದ್ದ ಅವರಿಗೆ ಹಳಗನ್ನಡವೆಂದರೆ ಪ್ರಾಣ. ರಾಜ್ಯ ಒಂದಾದ ಹೊಸದರಲ್ಲಿ ನನಗೆ ಸೇಡಂ ತಾಲೂಕಿನ ಮಳಖೇಡದಿಂದ ಸಂಬಂಧ ಬಂತು. ಮಳಖೇಡವೆಂದರೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ, ಹಳೆಯ ಕವಿಗಳು ಹೊಗಳಿದ ಪಟ್ಟಣ. ಅಪ್ಪ ಕುಣಿದಾಡಿಬಿಟ್ಟರು. ಲಗ್ನಪತ್ರಿಕೆಯಲ್ಲೂ ಮಾನ್ಯಖೇಟ ಎಂದೇ ಅಚ್ಚು ಹಾಕಿಸಿದರು. ಒಮ್ಮೆ ಹೋಗಿ ಮನೆ ನೋಡಿ ಬರ್ರಿ ಎಂದು ಅವ್ವ ಹಟ ಹಿಡಿದರೆ, "ಆ ಊರು ನಾ ಪದ್ಯದಾಗ ನೋಡೀನಿ ಬಿಡು" ಅಂದರು.

ನಾನು ಬಂದು ನೋಡಿದರೆ ಹಾಸುಗಲ್ಲಿನ ಮನೆಗಳು, ಸುತ್ತ ತೊಗರಿ ಹೊಲ, ಬಿದ್ದ ಕೋಟೆಯಲ್ಲಿ ಮೇಯುವ ಆಡುಗಳು. ಮಾನ್ಯಖೇಟ ಎಂಬ ಮಾತು ರಾಜ್ಯೋತ್ಸವದ ದಿನ ಶಾಲೆಯ ಭಾಷಣದಲ್ಲಿ ಬರುತ್ತಿತ್ತು, ಚಹಾದ ಅಂಗಡಿಯ ಬೋರ್ಡಿನ ಮೇಲೆ ಇತ್ತು. ಆ ಅಂಗಡಿಯವನೂ ಬಾಯಲ್ಲಿ ಮಳಖೇಡ ಎಂದೇ ಅನ್ನುತ್ತಿದ್ದ. ನನಗೇನೂ ಬೇಜಾರಿರಲಿಲ್ಲ. ಹೊಟ್ಟೆ ತುಂಬ ಊಟ, ಒಳ್ಳೆಯ ಗಂಡ, ಬಾಯಿ ಜೋರಾದರೂ ಮನಸ್ಸು ಮೆತ್ತಗಿನ ಅತ್ತೆ. ಆದರೆ ತವರೂರಲ್ಲಿ ಅವ್ವ ಅಪ್ಪನನ್ನು ಬಿಡುತ್ತಿರಲಿಲ್ಲವಂತೆ. "ಪುಸ್ತಕದಾಗಿನ ಊರಿಗೆ ಮಗಳನ್ನ ಕೊಟ್ರಿ. ಅಲ್ಲಿ ಕುಡಿಯಾಕ ನೀರು ಐತೋ ಇಲ್ಲೋ, ಅದನ್ನರೆ ಕೇಳಿದ್ರೇನು?" ಸುಖವಾಗಿದ್ದೇನೆ ಎಂದು ನಾನು ಎಷ್ಟು ಬರೆದರೂ ಅವಳು ನಂಬಲಿಲ್ಲ. ಕೊಟ್ಟ ಹೆಣ್ಣುಮಕ್ಕಳೆಲ್ಲ ಹಾಗೇ ಬರೆಯುತ್ತಾರೆ ಅಂದಳಂತೆ.

ಎರಡನೆಯ ವರ್ಷ ಅಪ್ಪ ಬಂದರು. ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರ ದಾಟಿ ಬಂದವರು, ಸ್ಟೇಷನ್ನಿನಿಂದ ನಮ್ಮ ಚಕ್ಕಡಿಯಲ್ಲಿ ಮನೆ ಮುಟ್ಟುವವರೆಗೂ ಮಾನ್ಯಖೇಟದ ಹೆಸರನ್ನೇ ಎತ್ತಲಿಲ್ಲವೆಂದು, ಕರೆತಂದ ನನ್ನವರು ಹೇಳಿದರು. ಒಂದು ಹೆಸರಿಗಾಗಿ ಮಗಳ ಬಾಳು ಹಾಳು ಮಾಡಿದೆ ಎಂದು ಈ ಮನುಷ್ಯ ಕೊರಗಿಬಿಟ್ಟರೆ ಏನು ಗತಿ?

"ಬರ್ರಿ ಬೀಗ್ರೆ, ಕುಂದ್ರಿ" ಎಂದು ಅತ್ತೆ ತಾವೇ ಮಣೆ ಹಾಕಿದರು. ಅಪ್ಪನ ತಾಟಿಗೆ ನಾನು ರೊಟ್ಟಿ ಹಾಕುವಾಗ ಶುರು ಮಾಡಿದರು: "ನಿಮ್ಮ ಮಗಳಿಗಿ ಇನ್ನಾ ರೊಟ್ಟಿ ಬಡಿಯಾಕ ಬರಂಗಿಲ್ಲ ನೋಡ್ರಿ. ಭಾಳ ದಪ್ಪ ಮಾಡ್ತಾಳ."

ಅಪ್ಪ ಕೂತಿದ್ದಾರೆಂಬುದೇ ನನಗೆ ಮರೆತುಹೋಯಿತು. "ದಪ್ಪ ಇದ್ರೂ ನಿನ್ನಿ ಎರಡು ಹೆಚ್ಚೇ ತಿಂದ್ರಲ್ಲ ಅತ್ತಿ!" ಅಂದೆ.

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಕೇಳಿದ್ರೇನ್ರಿ ಬೀಗ್ರೆ? ದಿನಾ ಹಿಂಗೇ ನನ್ನ ಬಾಯಿ ಮುಚ್ಚಸ್ತಾಳ" ಎಂದು ಬುಟ್ಟಿಯಲ್ಲಿ ಕೈಯಾಡಿಸಿ, ಎಲ್ಲಕ್ಕಿಂತ ದಪ್ಪನೆಯದನ್ನು ತಮಗೆ ತೆಗೆದಿಟ್ಟುಕೊಂಡರು.

ಅಪ್ಪನ ಕೈಯಲ್ಲಿ ತುತ್ತು ಹಾಗೇ ನಿಂತಿತ್ತು. ನಾಲಿಗೆ ಕಚ್ಚಿಕೊಂಡೆ.

ಅಂಗಳದಲ್ಲಿ ಕೈಗೆ ನೀರು ಹಾಕುವಾಗ ಅಪ್ಪ ಕೇಳಿದರು: "ಅತ್ತಿಗೆ ಎದುರುತ್ತರ ಕೊಡ್ತೀಯೇನು ಮಗಳ?"

ತಂಬಿಗೆಯಿಂದ ಇನ್ನಷ್ಟು ನೀರು ಸುರಿದೆ.

"ಕೊಡು. ಹಿಂಗೇ ಕೊಡ್ಕೋತ ಇರು. ನಿಮ್ಮವ್ವಗ ಹೋಗಿ ಮೊದಲು ಇದನ್ನೇ ಹೇಳ್ತೀನಿ."

ಅವರ ಕಣ್ಣು ತುಂಬಿದ್ದವು, ಮುಖ ಮಾತ್ರ ಅರಳಿತ್ತು. ಧೋತರದ ಚುಂಗಿನಿಂದ ಕೈ ಒರೆಸಿಕೊಳ್ಳುತ್ತ, ಅತ್ತೆಗೆ ಕೇಳಿಸದ ಹಾಗೆ ಅಂದರು: "ನಿನ್ನ ಲಗ್ನ ಆದಾಗಿಂದ ಒಂದು ಪದ್ಯಾನೂ ಓದಾಕ ಆಗಿಲ್ಲ ನನಗ."