ಇನ್ನೊಂಚೂರು ಉಸಿರು

ಗ್ಯಾರೇಜಿನವರು ಅವರಿಗಿಟ್ಟ ಹೆಸರು ಇನ್ನೊಂಚೂರಪ್ಪ. ಪಂದ್ಯಕ್ಕೆಂದು ಅಣಿಮಾಡುತ್ತಿರುವ ಟ್ರಕ್ಕಿನ ಎಂಜಿನ್ನಿಗೆ ಗಾಳಿ ಒಳಬಿಡುವ ಥ್ರಾಟಲ್ ಬಾಡಿಯನ್ನು ಆರಿಸುವುದೇ ಅವರ ತಪಸ್ಸು. ನೋಡಿ ವಾಪಸು ಕೊಡುತ್ತೇನೆಂದು ಅಂಗಡಿಗಳಿಂದ ಹೊತ್ತು ತಂದವುಗಳಿಂದ ಮನೆಯ ಊಟದ ಮೇಜು ತುಂಬಿ, ತಟ್ಟೆಗೆ ಜಾಗವಿಲ್ಲ. ಒಂದನ್ನು ದುರ್ಬೀನಿನಂತೆ ಕಣ್ಣಿಗೆ ಹಿಡಿಯುತ್ತಾರೆ, ಇನ್ನೊಂದರ ಒಳಮೈ ಸವರುತ್ತಾರೆ, ಮತ್ತೊಂದರ ಮುಚ್ಚಳ ತೆರೆದು ಮುಚ್ಚಿ ಕಿವಿಗೊಡುತ್ತಾರೆ. "ಇದರ ಬಾಯಿ ದೊಡ್ಡದು, ಆದ್ರೆ ಒಳಗೆ ನುಣುಪಿಲ್ಲ. ಅದು ನುಣುಪು, ಬಾಯಿ ಚಿಕ್ಕದು. ಇನ್ನೊಂಚೂರು ಉಸಿರು ಬೇಕು ಕಣೇ!" ಎನ್ನುತ್ತಾರೆ. "ಮದುವೆಗೆ ಮುಂಚೆ ನನ್ನನ್ನೂ ಹೀಗೇ ತಿರುಗಿಸಿ ನೋಡಿದ್ದಿದ್ರೆ, ನಾನು ಈ ಮನೆಗೇ ಬರ್ತಿರ್ಲಿಲ್ಲ ಬಿಡಿ," ಎನ್ನುತ್ತ ಹೆಂಡತಿ ತಟ್ಟೆ ಹಿಡಿದು ನಿಂತೇ ಉಣ್ಣುತ್ತಾಳೆ. ಒಮ್ಮೆ ಅವಳಿಗೆ ಶ್ವಾಸಕೋಶದ ಕಾಯಿಲೆ ಬಂದು, ಆಸ್ಪತ್ರೆ ಸೇರಿ, ಅಂತೂ ಬದುಕಿ ಮನೆಗೆ ಮರಳಿದ ದಿನ, ಮೆಟ್ಟಿಲಿನ ನಡುವೆ ಗೋಡೆ ಹಿಡಿದು ನಿಂತು ಉಸಿರೆಳೆದುಕೊಂಡಳು. ಪೂರ್ತಿ ಉಸಿರಲ್ಲ, ಅರ್ಧ. ಹಿಂದೆಯೇ ಬರುತ್ತಿದ್ದ ಅವರು ಅವಳ ಬೆನ್ನಿಗೆ ಕಿವಿಯಿಟ್ಟು ಕೇಳಿದರು. "ಸಾಕು ಕಣೇ," ಎಂದರು, "ಇಷ್ಟು ಸಾಕು." ಆ ಬಾಯಲ್ಲಿ ಆ ಮಾತನ್ನು ಅವಳು ಕೇಳಿದ್ದು ಅದೇ ಮೊದಲು. ದೇವರಿಗೆ ಕೈಮುಗಿಯಲು ಅವಳು ಗೋಡೆಯನ್ನು ಬಿಟ್ಟಳು. ಬೀಳದಂತೆ ಅವರು ಹಿಡಿದುಕೊಂಡಿದ್ದರು.