ಹಗೇವಿಗೆ ಇಳಿದ ನೀರು

2023ರ ಏಪ್ರಿಲ್ ಮೂರನೇ ಮಂಗಳವಾರ, ಬೆಳಿಗ್ಗೆ ಏಳು ಗಂಟೆ. ಶಿರಗುಪ್ಪಿ ಊರ ಹೊರಗಿನ ಈಜುಕೊಳದ ದಂಡೆಯಲ್ಲಿ ಇಬ್ಬರಿದ್ದೆವು: ಮಾಲೀಕ ಅಣ್ಣಾಸಾಬ ಮತ್ತು ನಾನು. ಎಂಜಿನಿಯರ್ ಹುದ್ದೆಯಿಂದ ನಿವೃತ್ತನಾದ ಮೇಲೆ ನಾನು ಟ್ಯಾಂಕು, ಕೊಳಗಳ ಸೋರಿಕೆ ಪತ್ತೆ ಮಾಡುವ ಕೆಲಸ ಹಿಡಿದಿದ್ದೆ. ಅಣ್ಣಾಸಾಬ ಕಬ್ಬು, ದ್ರಾಕ್ಷಿ ಬೆಳೆಯುವವರು. ಬೇಸಿಗೆಯಲ್ಲಿ ಮಕ್ಕಳಿಗೆ ಈಜು ಕಲಿಸಲು ಮನೆಯ ಪಕ್ಕದಲ್ಲೇ ಕೊಳ ಕಟ್ಟಿಸಿದ್ದರು. ಅದರ ನೀರು ದಿನವೂ ಇಳಿಯುತ್ತಿತ್ತು.

"ಬಿಸಲಿಗೆ ಆರ್ತೈತ್ರಿ ಸಾಹೇಬ್ರ, ಮತ್ತೇನಿಲ್ಲ," ಎಂಬುದು ಅವರ ವಾದ.

ಇದಕ್ಕೆ ಬಕೆಟ್ ಟೆಸ್ಟ್ ಎಂಬ ಸರಳ ಪರೀಕ್ಷೆ ಇದೆ. ಹಿಂದಿನ ದಿನ ಬೆಳಿಗ್ಗೆ ಕೊಳದ ನೀರೊಳಗಿನ ಮೆಟ್ಟಿಲ ಮೇಲೆ ನೀರು ತುಂಬಿದ ಬಕೆಟ್ ಇಟ್ಟು, ಅದರ ಒಳಗೂ ಹೊರಗೂ ನೀರಿನ ಮಟ್ಟಕ್ಕೆ ಗೆರೆ ಎಳೆದಿದ್ದೆ. ಬಿಸಿಲು ಎರಡನ್ನೂ ಸಮನಾಗಿ ಆರಿಸುತ್ತದೆ. ಸೋರುವುದು ಕೊಳ ಮಾತ್ರ. ಬಕೆಟ್ಟಿನಲ್ಲಿ ಅರ್ಧ ಬೆರಳು ಇಳಿದಿತ್ತು. ಕೊಳದಲ್ಲಿ ನಾಲ್ಕು ಬೆರಳು.

ಕಾಂಪೌಂಡಿನ ಆಚೆಯ ಮಣ್ಣಿನ ಮನೆಯಲ್ಲಿ ಅಣ್ಣಾಸಾಬರ ತೀರಿಹೋದ ಅಣ್ಣನ ಹೆಂಡತಿ ಗಂಗವ್ವ ಒಂದು ಎಮ್ಮೆ ಸಾಕಿಕೊಂಡು ಹಾಲು ಮಾರಿ ಬದುಕುತ್ತಿದ್ದರು. ನಮ್ಮ ಮಾತು ಕೇಳಿ ಇಣುಕಿದರು.

"ನನ್ನ ಗ್ವಾಡಿ ನೋಡ ಬರ್ರಿ ಸಾಹೇಬ್ರ. ತಿಂಗಳಾತು, ಹಸಿ ಆರವಲ್ತು."

"ವೈನಿ, ಅದು ನೀ ಭಾಂಡಿ ತೊಳದ ನೀರು."

"ಭಾಂಡಿ ನೀರಿಗೆ ನಿನ್ನ ಕೊಳದ ಔಷಧದ ವಾಸನಿ ಯಾಕ ಬರತೈತೋ? ನಾ ಏನ ಕ್ಲೋರಿನ್ ಹಾಕಿ ಭಾಂಡಿ ತಿಕ್ಕತೇನಿ?"

ಹೋಗಿ ನೋಡಿದೆ. ಗೋಡೆ ಮೊಣಕಾಲಿನವರೆಗೆ ನೆನೆದಿತ್ತು, ಕ್ಲೋರಿನ್ ಮೂಗಿಗೆ ಬಡಿಯಿತು. ಒಳಗೆ ಎಮ್ಮೆ ಕಟ್ಟಿದ್ದ ಜಾಗದಲ್ಲಿ ಹಾರೆಯಿಂದ ನೆಲ ಕುಟ್ಟಿದಾಗ ಪೊಳ್ಳು ಸದ್ದು ಬಂತು. ಕೆಳಗೇನಿದೆ ಎಂದು ಕೇಳಿದೆ.

"ಹೇಳೋ," ಎಂದರು ಗಂಗವ್ವ, ಮೈದುನನ ಮುಖ ನೋಡಿ.

"ನಮ್ಮ ಅಜ್ಜನ ಹಗೇವ ರೀ. ಪಾಲಾದಾಗ ಮುಚ್ಚಿದ್ವಿ. ರವದಿ ತುಂಬಿ ಮ್ಯಾಲ ಒಂದ ಟ್ರಾಲಿ ಮಣ್ಣ ಹಾಕಿದ್ವಿ."

ಹಗೇವು ಎಂದರೆ ಹಿಂದಿನವರು ಜೋಳ ಕೂಡಿಡುತ್ತಿದ್ದ ನೆಲದಡಿಯ ಕಣಜ. ರವದಿ ಎಂದರೆ ಕಬ್ಬಿನ ಒಣ ಎಲೆ. ನಮ್ಮ ಕಡೆ ಯಾವ ತಗ್ಗಿಗೂ ಅದನ್ನೇ ತುಂಬುತ್ತಾರೆ. ಅದು ಕೊಳೆತು ಟೊಳ್ಳಾಗಿತ್ತು. ಕೊಳದ ನೀರು ಅಲ್ಲಿಗೆ ಇಳಿಯುತ್ತಿತ್ತು.

ಕೊಳ ಖಾಲಿ ಮಾಡಿ, ಅದಕ್ಕೂ ಮೊದಲು ಮನೆ ಖಾಲಿ ಮಾಡಿ ಎಂದೆ.

"ಸಂಜಿಗೆ ಹುಡುಗರ ಬ್ಯಾಚ್ ಐತ್ರಿ. ನಾಳೆ ಮಾಡೂಣು."

"ಈ ನೆಲ ನಾಳಿತನಕ ತಡೀತೈತಿ ಅಂತ ನಾ ಹೇಳೂದಿಲ್ಲ."

ಅಣ್ಣಾಸಾಬ ಪಂಪ್ ಹಚ್ಚಿ ನೀರನ್ನು ಕಬ್ಬಿನ ಗದ್ದೆಗೆ ಬಿಟ್ಟರು. ಪಾತ್ರೆ, ಹಾಸಿಗೆ, ಜೋಳದ ಚೀಲ ಹೊರಬಂದವು. ಗಬ್ಬದ ಎಮ್ಮೆ ಮಾತ್ರ ಗದ್ದಲಕ್ಕೆ ಬೆದರಿ ಹೆಜ್ಜೆ ಕೀಳಲಿಲ್ಲ. ಹೊರಗಿನಿಂದಲೇ ಹಗ್ಗ ಜಗ್ಗೋಣ ಎನ್ನುವಷ್ಟರಲ್ಲಿ ಗಂಗವ್ವ ಒಳಗೆ ಹೋಗಿ, "ಬಾರ ನನ್ನವ್ವಾ," ಎಂದು ಅದರ ಮೈ ಸವರಿದರು. ನೆಲ ಬಾಯಿ ಬಿಟ್ಟಿತು. ಅಣ್ಣಾಸಾಬ ಅತ್ತಿಗೆಯ ರಟ್ಟೆ ಹಿಡಿದು ಹೊಸ್ತಿಲಾಚೆ ಎಳೆದರು. ಎಮ್ಮೆ ಕೆಳಗೆ ಹೋಯಿತು. ಹಿಂದಿನ ಗೋಡೆ ಅದರ ಮೇಲೆ ಬಿತ್ತು.

ಮಧ್ಯಾಹ್ನ ಉಗಾರದಿಂದ ಜೆಸಿಬಿ ಬಂತು. ಕೊಳದ ಗೋಡೆಯೂ ಬಿರುಕು ಬಿಟ್ಟಿತ್ತು, ಒಳಗೆ ಇನ್ನೂ ಅರ್ಧ ನೀರು. ಭಾರಕ್ಕೆ ಗೋಡೆ ಒಡೆದೀತೆಂದು ನಾನು ಯಂತ್ರವನ್ನು ಹತ್ತಿರ ಬಿಡಲಿಲ್ಲ. ತಗ್ಗಿನೊಳಗಿಂದ ಎಮ್ಮೆಯ ಕೂಗು ಕೇಳುತ್ತಲೇ ಇತ್ತು.

"ಹಗ್ಗ ಕಟ್ರಿ ಸಾಹೇಬ್ರ, ನಾ ಇಳೀತೇನಿ," ಎಂದರು ಅಣ್ಣಾಸಾಬ. ಬೇಡವೆಂದವರು ಗಂಗವ್ವ.

"ಮನಿ ಹೋತು, ಎಮ್ಮಿ ಹೋತು. ನೀನೂ ಹೋಗಬ್ಯಾಡ."

ಸ್ವಲ್ಪ ಹೊತ್ತಿನ ಮೇಲೆ ಕೂಗು ನಿಂತಿತು.

ಎಷ್ಟು ನೀರು ಹೋಯಿತೆಂದು ಅಳೆಯುವುದು ಈ ಕೆಲಸದ ಅರ್ಧ ಭಾಗ ಮಾತ್ರ. ಅದು ಯಾರ ಮನೆ ಹೊಕ್ಕಿತೆಂದು ಹುಡುಕುವುದು ಉಳಿದರ್ಧ. ಈಗ ಬಕೆಟ್ ಇಡುವ ಮೊದಲು ನೆರೆಮನೆಗಳ ಗೋಡೆ ಮುಟ್ಟಿ ಬರುತ್ತೇನೆ.

ಹೊತ್ತು ಮುಳುಗುವಾಗ ಕೊಳ ಬರಿದಾಯಿತು. ತಗ್ಗು ಮುಚ್ಚಲು ಆಳುಗಳು ಹತ್ತಿರದಲ್ಲಿದ್ದ ರವದಿ ಹೊರೆ ಹೊತ್ತು ತಂದರು. ಗಂಗವ್ವ ಕುಳಿತಲ್ಲಿಂದಲೇ ಮೈದುನನಿಗೆ ಹೇಳಿದರು:

"ಈ ಸಲ ಬರೇ ಮಣ್ಣ ಹಾಕೋ."

ಕೊನೆಯ ಟ್ರಾಲಿ ಮಣ್ಣು ಬಿದ್ದು, ಹಗೇವಿನ ಬಾಯಿ ನೆಲಕ್ಕೆ ಸಮನಾದ ಮೇಲೆ ನಾನು ಬಕೆಟ್ ಎತ್ತಿಕೊಂಡೆ.