ಅಮ್ಮ ಕಟ್ ಮಾಡದ ಫೋನು

ಫೋನ್ ಕಟ್ ಮಾಡುವುದು ಅಮ್ಮನಿಗೆ ಬರುವುದಿಲ್ಲ ಎಂದೇ ನಾನು ನಂಬಿದ್ದೆ. ಮಾತು ಮುಗಿದ ಮೇಲೆ ಹಾಗೇ ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಅವಳ ಊರಿನ ಆಟೋ ಹಾರ್ನು, ಸೊಪ್ಪಿನವಳ ಜೊತೆಗಿನ ಚೌಕಾಸಿ ಎಲ್ಲವನ್ನೂ ನಾನು ಅಮೆರಿಕಾದ ಅಲ್ಫರೆಟಾದಲ್ಲಿ ಕೂತು ಕೇಳಿಸಿಕೊಂಡಿದ್ದೇನೆ.

ಆ ದಿನ ನಮಗೆ ಬೆಳಿಗ್ಗೆ, ಊರಲ್ಲಿ ಸಂಜೆ. ಕೊಳಾಯಿ ನೀರಿನ ಸರದಿಗೆಂದು ಮೇಲಿನ ಕೇರಿಗೂ ಕೆಳಗಿನ ಕೇರಿಗೂ ಹತ್ತಿದ ಜಗಳ ಕಲ್ಲು ತೂರಾಟಕ್ಕೆ ತಿರುಗಿ, ಇಬ್ಬರು ಹುಡುಗರು ಆಸ್ಪತ್ರೆ ಸೇರಿದ್ದರು. ಗಂಡಸರು ಕರೆದ ರಾಜಿ ಸಭೆಯೂ ಹೊಡೆದಾಟದಲ್ಲೇ ಮುಗಿದಿತ್ತು. ಈಗ ಎರಡೂ ಕೇರಿಯ ಹೆಂಗಸರು ಸೇರಿ ಶಾಲೆಯ ಜಗಲಿಯಲ್ಲಿ ಸಭೆ ಕರೆದಿದ್ದರು. ಪಂಚಾಯಿತಿ ಸದಸ್ಯೆಯಾದ ಅಮ್ಮ ಅವರ ನಡುವೆ ಕೂರಬೇಕಂತೆ.

"ನಿಂಗ್ಯಾಕಮ್ಮ ಊರ ಉಸಾಬರಿ? ತಲೆಗೆ ಕಲ್ಲು ಬಿದ್ರೆ?" ಎಂದು ರೇಗಿದೆ. ಭಯವಾದಾಗ ನನಗೆ ಸಿಟ್ಟೇ ಬರುವುದು.

"ನೀರು ಹೊರೋರು ನಾವು ತಾನೇ? ಇಡ್ತೀನಿ," ಎಂದವಳು ಎಂದಿನಂತೆ ಇಡಲಿಲ್ಲ.

ನಾನು ಮ್ಯೂಟ್ ಮಾಡಿಕೊಂಡು ಕೇಳುತ್ತಿದ್ದೆ. ಮಗಳನ್ನು ಶಾಲೆಗೆ ಬಿಡುವ ಕಾರುಗಳ ಸಾಲಿನಲ್ಲಿ ಸಿಕ್ಕಿಕೊಂಡಿದ್ದೆ. ಮುಂದಕ್ಕೂ ಹೋಗುವ ಹಾಗಿಲ್ಲ, ಹಿಂದಕ್ಕೂ ಇಲ್ಲ. ಆ ಕಡೆ ಚಪ್ಪಲಿ ಸದ್ದು, ಬೆಂಚು ಎಳೆದ ಸದ್ದು. ಆಮೇಲೆ ಒಬ್ಬ ಗಂಡಸಿನ ದನಿ:

"ಹೆಂಗಸ್ರಿಗೇನ್ರೀ ಇಲ್ಲಿ ಕೆಲ್ಸ? ಕೆಳಗಿನ ಕೇರಿಯೋರು ಒಬ್ರೂ ನೆಟ್ಟಗೆ ಮನೆ ಸೇರಲ್ಲ, ನೋಡ್ತಿರಿ."

ಏನೋ ಧಡಾರನೆ ಬಿತ್ತು. ಹೆಂಗಸರ ಚೀರಾಟ.

"ಈಸ್ ಅಜ್ಜಿ ಓಕೆ?" ಹಿಂದಿನ ಸೀಟಿನಿಂದ ಮಗಳು ಕೇಳಿದಳು. ನಾನು ಫೋನಿನ ದನಿ ಜೋರು ಮಾಡಿದೆ.

ಆಗ ಅಮ್ಮನ ದನಿ ತೀರಾ ಹತ್ತಿರದಿಂದ ಕೇಳಿಸಿತು: "ನನ್ ಮಗಳು ಅಮೆರಿಕಾದಿಂದ ಕೇಳ್ತಾ ಇದಾಳೆ. ಈಗ ಅಂದಿದ್ದನ್ನ ಇನ್ನೊಂದ್ಸಲ ಅನ್ನಪ್ಪ, ಜೋರಾಗಿ. ನಾಳೆ ಯಾರೂ ಮಾತು ತಿರುಚಬಾರ್ದು. ಸ್ಪೀಕರ್ ಹಾಕಿದೀನಿ, ಕೇಳ್ತಿದೀಯೇನೇ?"

ಅಂದರೆ ಅವಳು ಮರೆತಿರಲಿಲ್ಲ. ಬೇಕೆಂದೇ ಫೋನ್ ಇಟ್ಟಿರಲಿಲ್ಲ. ಕಲ್ಲು ತಾಗದಷ್ಟು ದೂರದಲ್ಲಿರುವ ಒಬ್ಬ ಸಾಕ್ಷಿ ಅವಳಿಗೆ ಬೇಕಿತ್ತು.

ಜಗಲಿಯ ಗಲಾಟೆ ನಿಂತಿತು. ಹಿಂದಿನ ಕಾರಿನವರು ಹಾರ್ನ್ ಹೊಡೆದರು. ಮನೆಗೆ ಹೋಗಮ್ಮ, ನಿನ್ನ ದಮ್ಮಯ್ಯ ಎನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಮ್ಯೂಟ್ ತೆಗೆದೆ.

"ಕೇಳಿಸ್ತಾ ಇದೆ," ಎಂದೆ. "ಒಬ್ಬೊಬ್ಬರಾಗಿ ಮಾತಾಡಿ."